ಎಡಗಡೆಯ ಮೆಷಿನು

ವಿಲ್ಮಾ ಸ್ಕೊರುಪಾಳ ಮನೆಯ ಬಾಗಿಲನ್ನು ಯಾರಾದರೂ ತಟ್ಟಿದರೆ ಅದಕ್ಕೆ ಒಂದೇ ಕಾರಣವಿರುತ್ತಿತ್ತು. ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯುವ ಮೆಷಿನು ಕೆಟ್ಟು ನಿಂತಿರುತ್ತಿತ್ತು.

ಅಮೆರಿಕದ ಮಿಲ್ವಾಕಿಯ ದಕ್ಷಿಣ ಭಾಗದಲ್ಲಿ, ಕೆಂಪು ಇಟ್ಟಿಗೆಯ ಆ ನಾಲ್ಕಂತಸ್ತಿನ ಕಟ್ಟಡದಲ್ಲಿ ಹದಿನಾರು ಮನೆಗಳಿದ್ದವು. ಹದಿನಾರಕ್ಕೂ ಸೇರಿ ಒಗೆಯುವ ಮೆಷಿನು ಎರಡು, ಒಣಗಿಸುವುದು ಒಂದು. ಕಾಲು ಡಾಲರಿನ ನಾಣ್ಯಗಳನ್ನು ಸಾಲಾಗಿ ಇಟ್ಟು ಒಳಕ್ಕೆ ದೂಡಿದರೆ ನೀರು ಬರುತ್ತಿತ್ತು, ಅದೂ ಮೆಷಿನಿಗೆ ಮನಸ್ಸಿದ್ದರೆ. ಬಲಗಡೆಯದು ಹೇಗೋ ನಡೆಯುತ್ತಿತ್ತು. ಎಡಗಡೆಯದು ಮಾತ್ರ ಮಹಾ ಮೊಂಡು. ಒಗೆದು, ಜಾಲಿಸಿ, ಇನ್ನೇನು ಹಿಂಡಬೇಕು ಅನ್ನುವಷ್ಟರಲ್ಲಿ ಟಕ್ ಎಂದು ನಿಂತುಬಿಡುತ್ತಿತ್ತು. ಒಳಗೆ ಕಂಠಮಟ್ಟ ನೀರು, ಅದರಲ್ಲಿ ತೇಲುವ ಬಟ್ಟೆ.

ಆಗ ಜನ ಮೂರನೇ ಮಹಡಿ ಹತ್ತಿ ಹನ್ನೊಂದನೇ ನಂಬರಿನ ಬಾಗಿಲು ತಟ್ಟುತ್ತಿದ್ದರು. ವಿಲ್ಮಾ ಅಡುಗೆಮನೆಯಿಂದ ಒಂದು ಮರದ ಸೌಟು ಹಿಡಿದುಕೊಂಡು ಇಳಿದು ಬರುತ್ತಿದ್ದಳು. ಮುಚ್ಚಳ ಎತ್ತಿ, ಒಂದೇ ಕಡೆ ಗುಡ್ಡೆಯಾದ ಬಟ್ಟೆಯನ್ನು ಸುತ್ತಲೂ ಹರಡಿ, ಮುಚ್ಚಳದ ಕೆಳಗಿನ ಸವೆದ ಗುಂಡಿಯ ಮೇಲೆ ಸೌಟಿನ ಹಿಡಿಯಿಂದ ಎರಡು ಸಲ ಕುಟ್ಟಿ, ಮುಚ್ಚಳ ಹಾಕಿ, ಅಂಗೈಯಿಂದ ಒತ್ತಿ ಹಿಡಿಯುತ್ತಿದ್ದಳು. ಮೆಷಿನು ಗೊಣಗುತ್ತ ತಿರುಗಲು ಶುರುಮಾಡುತ್ತಿತ್ತು. ಆದರೆ ಕೈ ತೆಗೆಯುವ ಹಾಗಿಲ್ಲ, ತೆಗೆದರೆ ಮತ್ತೆ ನಿಲ್ಲುತ್ತದೆ. ಹಿಂಡುವುದು ಮುಗಿಯಲು ಏಳು ನಿಮಿಷ. ಆ ಏಳು ನಿಮಿಷ ಬಟ್ಟೆಯವರೂ ಅಲ್ಲೇ ನಿಂತಿರಬೇಕು. ನಿಂತವರು ಸುಮ್ಮನಿರುವುದುಂಟೆ? ಏನಾದರೊಂದು ಮಾತಾಡುತ್ತಿದ್ದರು.

ವಿಲ್ಮಾಳಿಗೆ ಅರವತ್ತೊಂದು ವರ್ಷ. ಇಪ್ಪತ್ತಾರು ವರ್ಷ ನಲ್ಲಿ-ವಾಲ್ವುಗಳ ಕಾರ್ಖಾನೆಯಲ್ಲಿ ಬಿಡಿಭಾಗ ಜೋಡಿಸುವ ಸಾಲಿನಲ್ಲಿ ದುಡಿದಿದ್ದಳು. ಕಾರ್ಖಾನೆ ಮುಚ್ಚಿತು. ಮರುವರ್ಷ ಗಂಡ ಕಾಜಿಮಿರ್ ಎದೆನೋವೆಂದು ಆಸ್ಪತ್ರೆಗೆ ಹೋದವನು ಮನೆಗೆ ಬರಲಿಲ್ಲ. ಮಕ್ಕಳಿರಲಿಲ್ಲ. ದೊಡ್ಡ ಮನೆ ಮಾರಿ ಈ ಕಟ್ಟಡಕ್ಕೆ ಬಂದು ಒಂಬತ್ತು ವರ್ಷವಾಗಿತ್ತು. ಅರಿಜೋನಾದಲ್ಲಿದ್ದ ತಂಗಿ ಭಾನುವಾರ ಫೋನು ಮಾಡುತ್ತಿದ್ದಳು. ಅಲ್ಲಿಯ ಬಿಸಿಲಿನ ಸುದ್ದಿ ಅವಳು, ಇಲ್ಲಿಯ ಹಿಮದ ಸುದ್ದಿ ಇವಳು ಹೇಳುವಷ್ಟರಲ್ಲಿ ಮಾತು ಮುಗಿಯುತ್ತಿತ್ತು.

ಕಟ್ಟಡ ನೋಡಿಕೊಳ್ಳುತ್ತಿದ್ದ ಲೆನ್ ಬ್ರಾಟ್ಕಾ ವಾರಕ್ಕೆರಡು ಸಲ ಬರುತ್ತಿದ್ದ. ವಿಲ್ಮಾಳ ಸೌಟು ಕಂಡರೆ ಅವನಿಗೆ ತಮಾಷೆ.

"ಏನ್ ಡಾಕ್ಟರೇ, ಪೇಶೆಂಟು ಹೇಗಿದಾರೆ? ಉಳೀತಾರಾ?"

"ನೀನು ಮಾಲೀಕರಿಗೆ ಹೇಳಿ ಹೊಸದು ತರಿಸೋವರೆಗೂ ಉಳಿಸ್ಕೊಂಡು ಹೋಗ್ತೀನಿ, ತಗೋ."

"ತರಿಸಿದ್ರೆ ನಿಮ್ಮ ಪ್ರಾಕ್ಟೀಸು ಮುಚ್ಚಿ ಹೋಗುತ್ತಲ್ರೀ," ಎಂದು ಲೆನ್ ನಗುತ್ತಿದ್ದ. ವಿಲ್ಮಾಳೂ ನಗುತ್ತಿದ್ದಳು.

ಎರಡನೇ ಮಹಡಿಯ ರೆನೇ ಟಿಬ್ಸ್ ಎಂಬ ಹುಡುಗಿ ಅತಿ ಹೆಚ್ಚು ಸಲ ಬಾಗಿಲು ತಟ್ಟಿದವಳು. ಹುಡುಗಿ ಅಂದರೆ ಇಪ್ಪತ್ತೆಂಟು ವರ್ಷ, ಎರಡು ಸಣ್ಣ ಮಕ್ಕಳ ತಾಯಿ. ವೃದ್ಧಾಶ್ರಮವೊಂದರಲ್ಲಿ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವ ಕೆಲಸ. ದಿನವೂ ಬಿಳಿ ಸಮವಸ್ತ್ರ ಶುಭ್ರವಾಗಿರಬೇಕು. ಏಳು ನಿಮಿಷದಲ್ಲಿ ಅವಳು ಮೇಲ್ವಿಚಾರಕಿಯನ್ನು ಬೈಯುವಳು, ಮಗಳು ಡಿಯಾಂಡ್ರಾ ಶಾಲೆಯಲ್ಲಿ ಮಾಡಿದ ಕಿತಾಪತಿ ಹೇಳುವಳು, ಮಾತಿನ ನಡುವೆಯೇ ಗೋಡೆಗೊರಗಿ ಆಕಳಿಸುವಳು. ನಾಲ್ಕನೇ ಮಹಡಿಯ ಹಾಲ್ಡರ್ಸನ್ ಎಂಬ ಮುದುಕರೂ ಬರುತ್ತಿದ್ದರು. ಊರಂಚಿನ ಮಹಾಸರೋವರದಲ್ಲಿ ಅದಿರು ಸಾಗಿಸುವ ಹಡಗುಗಳಲ್ಲಿ ಮೂವತ್ತು ವರ್ಷ ಅಡುಗೆ ಮಾಡಿ ನಿವೃತ್ತರಾದವರು. ಅವರದು ಮಾತು ಕಮ್ಮಿ. "ಮತ್ತೆ ನಿಲ್ತು," ಅನ್ನುವರು. ಕೊನೆಗೆ, "ಹೋಯ್ತು ನೀರು," ಅನ್ನುವರು. ನಡುವೆ ಏಳು ನಿಮಿಷ ಟೋಪಿ ಕೈಲಿ ಹಿಡಿದು ನಿಂತಿರುವರು. ಅದೂ ವಿಲ್ಮಾಳಿಗೆ ಜೊತೆಯೇ ಆಗಿತ್ತು.

ಯಾವ ಮೆಷಿನಿಗೆ ಏನಾಗಿದೆ ಎಂದು ಚೀಟಿ ಬರೆದು ಅಂಟಿಸುವುದೂ ಅವಳದೇ ಕೆಲಸವಾಗಿತ್ತು. ದೊಡ್ಡ ಅಕ್ಷರ, ಎಡಕ್ಕೆ ವಾಲಿದ ಬರವಣಿಗೆ. "ಬಲಗಡೆಯದರಲ್ಲಿ ಬಿಸಿನೀರು ಇಲ್ಲ." "ಒಣಗಿಸುವುದು ಅರ್ಧದಷ್ಟೇ ತುಂಬಿಸಿ." ಒಂಬತ್ತು ವರ್ಷದಿಂದ ಇಡೀ ಕಟ್ಟಡ ಆ ಅಕ್ಷರಗಳನ್ನು ಓದುತ್ತ ಬಂದಿತ್ತು.

ಆ ವರ್ಷದ ಜನವರಿಯಲ್ಲಿ ಮಾಲೀಕರು ಬದಲಾದರು. ಎರಡನೇ ವಾರ ಲಾರಿಯೊಂದು ಬಂದು ನಿಂತಿತು. ಹಳೆಯ ಮೂರೂ ಹೋದವು, ಹೊಸ ನಾಲ್ಕು ಬಂದವು, ಎರಡು ಒಗೆಯಲು, ಎರಡು ಒಣಗಿಸಲು. ಬೆಳ್ಳಗೆ ಹೊಳೆಯುತ್ತಿದ್ದವು. ಪ್ರತಿಯೊಂದರ ಹಣೆಯ ಮೇಲೂ, ತೊಂದರೆಯಾದರೆ ಕರೆಮಾಡಿ ಎಂದು ಕಂಪನಿಯ ಫೋನು ನಂಬರು.

ಲೆನ್ ಮೆಟ್ಟಿಲ ಮೇಲೆ ಸಿಕ್ಕಿ, "ನಿಮಗಿನ್ನು ರಿಟೈರ್‌ಮೆಂಟು ಡಾಕ್ಟರೇ, ಮಜಾ ಮಾಡಿ," ಎಂದ.

"ಸದ್ಯ, ತೊಲಗ್ತು ಪೀಡೆ," ಎಂದಳು ವಿಲ್ಮಾ. ಆ ಹೊತ್ತಿಗೆ ಅದು ಮನಸ್ಸಿನಿಂದಲೇ ಬಂದ ಮಾತಾಗಿತ್ತು.

ಮಂಗಳವಾರ ಬೆಳಿಗ್ಗೆ ಅವಳು ತನ್ನ ಬಟ್ಟೆ ತೆಗೆದುಕೊಂಡು ಇಳಿದಳು. ನಾಣ್ಯ ಹಾಕಿದಳು. ಮೆಷಿನು ಗೊಣಗದೆ ನೀರು ತುಂಬಿಕೊಂಡಿತು, ಒಗೆಯಿತು, ಜಾಲಿಸಿತು, ಹಿಂಡಿತು. ಕೈ ಒತ್ತಿ ಹಿಡಿಯಬೇಕಾಗಿರಲಿಲ್ಲ. ಅವಳು ಪಕ್ಕದಲ್ಲಿ ಸುಮ್ಮನೆ ನಿಂತಿದ್ದಳು. ಅಷ್ಟರಲ್ಲಿ ರೆನೇ ಬಂದಳು, ಇನ್ನೊಂದು ಮೆಷಿನಿಗೆ ಬಟ್ಟೆ ತುರುಕಿದಳು. "ಸಖತ್ತಾಗಿದೆ ಅಲ್ವಾ ಮಿಸೆಸ್ ಸ್ಕೊರುಪಾ? ಹಾಕಿ ಹೋಗಿಬಿಡಬಹುದು," ಎಂದಳು. ಹಾಗೆಯೇ ಹಾಕಿ ಹೋದಳು. ಮೆಟ್ಟಿಲ ಮೇಲೆ ಅವಳ ಹೆಜ್ಜೆಯ ಸದ್ದು ಒಂದು ಮಹಡಿ, ಎರಡು ಮಹಡಿ ಏರಿ ನಿಂತಿತು.

ಜನವರಿ ಮುಗಿಯಿತು. ಯಾರೂ ಬಾಗಿಲು ತಟ್ಟಲಿಲ್ಲ. ಮೊದಮೊದಲು ವಿಲ್ಮಾಳಿಗೆ ಅದು ಗೊತ್ತಾಗಲೂ ಇಲ್ಲ. ಒಂದು ದಿನ ಅಂಗಡಿಯಲ್ಲಿ ರೈ ಬ್ರೆಡ್ಡು ಕೇಳಲು ಬಾಯಿ ತೆರೆದಾಗ ದನಿ ಗೊಗ್ಗರಾಗಿ ಹೊರಟಿತು. ಕೌಂಟರಿನಾಕೆ, "ಶೀತಾನಾ?" ಎಂದು ಕೇಳಿದಳು. ಶೀತವಲ್ಲ. ಭಾನುವಾರ ತಂಗಿಯ ಫೋನು ಇಟ್ಟ ಮೇಲೆ ಆ ಗುರುವಾರದವರೆಗೆ ತಾನು ಒಂದೇ ಒಂದು ಮಾತು ಆಡಿಲ್ಲವೆಂದು ಆಗ ಹೊಳೆಯಿತು. ಬ್ರೆಡ್ಡಿನ ಪೊಟ್ಟಣ ಎದೆಗವುಚಿಕೊಂಡು ಮನೆಗೆ ಬಂದಳು. ಕೋಟು ಬಿಚ್ಚದೆ ಕುರ್ಚಿಯ ಮೇಲೆ ಬಹಳ ಹೊತ್ತು ಕೂತಳು.

ಅಲ್ಲಿಂದ ಮುಂದೆ ಮೆಟ್ಟಿಲ ಮೇಲೆ ಸದ್ದಾದರೆ ಸಾಕು, ಕಿವಿ ನೆಟ್ಟಗಾಗುತ್ತಿತ್ತು. ಹೆಜ್ಜೆ ಹತ್ತಿರ ಬರುವುದು, ಬಾಗಿಲು ದಾಟುವುದು, ಮೇಲಕ್ಕೆ ಹೋಗುವುದು. ಹೊಸ ಮೆಷಿನು ಕೆಡಲೆಂದು ಅವಳು ಕಾಯತೊಡಗಿದಳು. ಹೊಸದಾದರೇನು, ಕಬ್ಬಿಣದ್ದು ತಾನೆ, ಇವತ್ತಲ್ಲ ನಾಳೆ ಕೆಡಲೇಬೇಕು. ಕೆಡಲಿಲ್ಲ. ಫೆಬ್ರವರಿಯ ಮೊದಲ ವಾರವೂ ಕಳೆಯಿತು.

ಎರಡನೇ ವಾರದ ಬುಧವಾರ ಬೆಳಿಗ್ಗೆ ಅವಳು ನೆಲಮಾಳಿಗೆಗೆ ಇಳಿದಳು. ಕೈಯಲ್ಲಿ ಬಟ್ಟೆ ಇರಲಿಲ್ಲ. ಮೆಷಿನಿನ ಹಿಂದೆ ಬಗ್ಗಿ ಪ್ಲಗ್ಗನ್ನು ಮುಟ್ಟಿದಳು, ಕೈ ಹಿಂದೆಗೆದಳು. ಕೀಳುವುದು ತಪ್ಪು ಅನ್ನಿಸಿತು. ಚೀಟಿ ಬರೆಯುವುದು ಅಷ್ಟು ದೊಡ್ಡ ತಪ್ಪಲ್ಲ ಅನ್ನಿಸಿತು. ಮನಸ್ಸು ಹೀಗೆಯೇ ತನಗೆ ಬೇಕಾದ ದಾರಿ ಹುಡುಕಿಕೊಳ್ಳುತ್ತದೆ. ಮೇಲೆ ಹೋಗಿ ಎರಡು ಕಾಗದ ಬರೆದು ತಂದು ಎರಡು ಒಗೆಯುವ ಮೆಷಿನುಗಳಿಗೂ ಅಂಟಿಸಿದಳು: "ಕೆಟ್ಟಿದೆ. ಹನ್ನೊಂದನೇ ನಂಬರಿನಲ್ಲಿ ಕೇಳಿ."

ಯಾರಾದರೂ ಬಂದು ಕೇಳುತ್ತಾರೆ. ಇಳಿದು ಹೋಗಿ ಮುಚ್ಚಳ ಎತ್ತಿ ಎರಡು ಸಲ ತಟ್ಟಿ, ಸರಿಹೋಯಿತು ನೋಡಿ ಎಂದರೆ ಮುಗಿಯಿತು, ಯಾರಿಗೂ ನಷ್ಟವಿಲ್ಲ. ಅಷ್ಟೇ ಅವಳ ಲೆಕ್ಕಾಚಾರ. ಮನೆಗೆ ಬಂದು ಕಾಫಿ ಹಾಕಿದಳು, ತಲೆ ಬಾಚಿದಳು. ಕಾಫಿ ತಣ್ಣಗಾಯಿತು, ಬಿಸಿ ಮಾಡಿದಳು. ಇನ್ನೊಂದು ಸಲ ತಣ್ಣಗಾಯಿತು.

ಯಾರೂ ಬರಲಿಲ್ಲ. ಮೆಷಿನು ಕಂಪನಿಯದು, ಫೋನು ನಂಬರು ಅದರ ಮೇಲೆಯೇ ಇದೆ, ಪಾಪ ಆ ಮುದುಕಿಗೆ ಇದರಲ್ಲಿ ಏನು ತಿಳಿಯುತ್ತದೆ ಎಂದುಕೊಂಡಿದ್ದರು ಜನ.

ಮಧ್ಯಾಹ್ನ ಹಿಮ ಸುರಿಯತೊಡಗಿತು. ಕಿಟಕಿಯ ಬಳಿ ನಿಂತ ವಿಲ್ಮಾಳಿಗೆ ಕೆಳಗೆ ರೆನೇ ಕಂಡಳು. ಎರಡೂ ಹೆಗಲಿಗೆ ಬಟ್ಟೆಯ ದೊಡ್ಡ ಚೀಲಗಳು. ಒಂದು ಕೈ ಹಿಡಿದು ಡಿಯಾಂಡ್ರಾ. ಚಿಕ್ಕವನು ಎದೆಯ ಮೇಲೆ, ಕಂಬಳಿಯಲ್ಲಿ ಮುಖ ಮುಚ್ಚಿ. ನಾಣ್ಯ ಹಾಕಿ ಬಟ್ಟೆ ಒಗೆಯುವ ಅಂಗಡಿ ಅಲ್ಲಿಂದ ಒಂಬತ್ತು ಬೀದಿ ಆಚೆಗಿತ್ತು.

ವಿಲ್ಮಾ ಕಿಟಕಿ ಎತ್ತಿ ಕೂಗಿದರೆ ಸಾಕಿತ್ತು. "ರೆನೇ, ನಿಲ್ಲು, ಸರಿಯಾಗಿದೆ ಅದು." ಕೈ ಕಿಟಕಿಯ ಚೌಕಟ್ಟಿನ ಮೇಲಿತ್ತು. ಆದರೆ ಕೂಗಿದರೆ, ಸರಿಯಾಗಿದ್ದರೆ ಚೀಟಿ ಯಾಕೆ ಅಂಟಿಸಿದಿರಿ ಎಂದು ಕೇಳುತ್ತಾಳಲ್ಲ? ಏನು ಹೇಳುವುದು? ಹೇಳುವ ಮಾತು ಹುಡುಕುತ್ತಿರುವಾಗಲೇ ರೆನೇ ಮೂಲೆ ತಿರುಗಿದಳು. ಚೀಲವೊಂದು ಹೆಗಲಿನಿಂದ ಜಾರಿದ್ದು, ಅವಳು ಮೊಣಕಾಲಿನಿಂದ ಅದನ್ನು ಮೇಲಕ್ಕೆ ಎತ್ತಿಕೊಂಡದ್ದು ವಿಲ್ಮಾಳಿಗೆ ಕಂಡ ಕೊನೆಯ ನೋಟ.

ಆಗಲಾದರೂ ಹೋಗಿ ಚೀಟಿ ಕಿತ್ತು ಹಾಕಬಹುದಿತ್ತು. ಎರಡು ಸಲ ಬಾಗಿಲವರೆಗೆ ಹೋದಳು. ಎರಡು ಸಲವೂ ಮೆಟ್ಟಿಲ ಮೇಲೆ ಯಾರೋ ಇದ್ದರು. ಕೀಳುವಾಗ ಕಂಡುಬಿಟ್ಟರೆ? ನಾಳೆ ಬೆಳಿಗ್ಗೆ ಬೇಗ ಕಿತ್ತರಾಯಿತು ಎಂದುಕೊಂಡು ರೇಡಿಯೋ ಹಾಕಿಕೊಂಡು ಕೂತಳು.

ಬೆಳಿಗ್ಗೆ ಅವಳು ಇಳಿಯುವಷ್ಟರಲ್ಲಿ ಲೆನ್ ಅಲ್ಲಿದ್ದ. ಪಕ್ಕದಲ್ಲಿ ಕಂಪನಿಯ ರಿಪೇರಿಯವನು ಪೆಟ್ಟಿಗೆ ಮುಚ್ಚುತ್ತಿದ್ದ. ಎರಡೂ ಮೆಷಿನುಗಳು ಖಾಲಿ ತಿರುಗುತ್ತಿದ್ದವು.

"ಏನೂ ಆಗಿಲ್ಲ ಕಣ್ರೀ ಇದಕ್ಕೆ," ಎನ್ನುತ್ತಿದ್ದ ರಿಪೇರಿಯವನು. "ಹೂವಿನ ಥರ ಓಡ್ತಿದೆ. ಯಾರು ನಿಮಗೆ ಕೆಟ್ಟಿದೆ ಅಂದಿದ್ದು?"

ಲೆನ್ ಕೈಯಲ್ಲಿ ಎರಡು ಚೀಟಿಗಳಿದ್ದವು. ಅವನು ಚೀಟಿ ನೋಡಿದ, ವಿಲ್ಮಾಳನ್ನು ನೋಡಿದ. ತಮಾಷೆ ಮಾಡಲಿಲ್ಲ. ಅವನು ತಮಾಷೆ ಮಾಡದ್ದೇ ಅವಳಿಗೆ ದೊಡ್ಡ ಏಟಾಯಿತು.

"ಯಾರೋ ತಪ್ಪು ತಿಳ್ಕೊಂಡಿದಾರೆ," ಎಂದು ಲೆನ್ ರಿಪೇರಿಯವನಿಗೆ ಹೇಳಿದ. ಚೀಟಿಗಳನ್ನು ನಾಲ್ಕಾಗಿ ಮಡಿಚಿ ಅಂಗಿಯ ಜೇಬಿಗೆ ಹಾಕಿಕೊಂಡ. ರಿಪೇರಿಯವನು ಹೋದ ಮೇಲೆ, "ಮನೆಗೆ ಹೋಗಿ ವಿಲ್ಮಾ. ಇಲ್ಲಿ ಚಳಿ," ಎಂದಷ್ಟೇ ಅಂದ. ಒಂಬತ್ತು ವರ್ಷದಲ್ಲಿ ಅವನು ಅವಳನ್ನು ಹೆಸರು ಹಿಡಿದು ಕರೆದದ್ದು ಅದೇ ಮೊದಲು.

ಮಧ್ಯಾಹ್ನ ಬಾಗಿಲು ತಟ್ಟಿದ ಸದ್ದಾಯಿತು. ಕೈ ಮುಷ್ಟಿ ಮಾಡಿ ಗುದ್ದಿದ ಸದ್ದು. ತೆರೆದರೆ ರೆನೇ. ಮೈಮೇಲೆ ಬಿಳಿ ಸಮವಸ್ತ್ರವಿತ್ತು, ಕಣ್ಣುಗಳು ಕೆಂಪಗಾಗಿದ್ದವು.

"ಎರಡೂ ಸರಿಯಾಗಿತ್ತಂತೆ."

ವಿಲ್ಮಾ ಹೌದೆಂದು ತಲೆಯಾಡಿಸಿದಳು.

"ಆ ಚೀಟಿ ನಿಮ್ಮದು. ಅಲ್ಲ ಅನ್ಬೇಡಿ, ಮೂರು ವರ್ಷದಿಂದ ಓದ್ತಾ ಇದೀನಿ ಆ ಅಕ್ಷರಾನ. ಮೊನ್ನೆ ರಾತ್ರಿಯೆಲ್ಲ ಚಿಕ್ಕವನು ವಾಂತಿ ಮಾಡ್ಕೊಂಡು ಹಾಸಿಗೆಬಟ್ಟೆ ಒಂದೂ ಬಿಡ್ದೆ ಗಲೀಜು ಮಾಡಿದ್ದ. ಜ್ವರದ ಮಗೂನ ಹೊತ್ಕೊಂಡು ಒಂಬತ್ತು ಬೀದಿ ಹೋದೆ ಆ ಹಿಮದಲ್ಲಿ. ವಾಪಸ್ ಬರೋಷ್ಟರಲ್ಲಿ ಬಸ್ ಹೋಯ್ತು. ಕೆಲಸಕ್ಕೆ ಒಂದು ಗಂಟೆ ಲೇಟು. ಇವತ್ತು ಹೋದ್ರೆ, ಈ ವಾರ ಬರಬೇಡ ಅಂತ ಕಳಿಸಿದಾಳೆ ಆ ಸೂಪರ್‌ವೈಸರ್ ಮಹಾತಾಯಿ. ಯಾಕೆ ಮಾಡಿದ್ರಿ? ನಾನು ನಿಮಗೇನು ಮಾಡಿದ್ದೆ?"

"ನಿಂಗಂತ ಮಾಡಿದ್ದಲ್ಲ ಕಣೆ."

"ಮತ್ತೆ?"

ವಿಲ್ಮಾ ಸುಳ್ಳು ಹುಡುಕಿದಳು, ಒಂದೂ ಸಿಗಲಿಲ್ಲ. "ಹೊಸದು ಬಂದ್ಮೇಲೆ ಯಾರೂ ಬರ್ತಿರ್ಲಿಲ್ಲ," ಎಂದಳು. "ಯಾರಾದ್ರೂ ಬರ್ತಾರೇನೋ ಅಂತ."

ರೆನೇ ಅವಳನ್ನೇ ನೋಡಿದಳು. ನೋಟ ವಿಲ್ಮಾಳ ಹೆಗಲಾಚೆ ಮನೆಯೊಳಕ್ಕೆ ಹೋಯಿತು. ಅಲ್ಲಿ ಮೇಜು, ಒಂದು ಕುರ್ಚಿ, ಕಿಟಕಿಯ ಬಳಿ ಇನ್ನೊಂದು ಕುರ್ಚಿ. ಮೂರು ವರ್ಷದಲ್ಲಿ ಅವಳು ಈ ಹೊಸ್ತಿಲು ದಾಟಿ ಒಳಗೆ ನೋಡಿರಲೇ ಇಲ್ಲ.

"ಅಷ್ಟಕ್ಕೇನಾ?" ಎಂದಳು. ದನಿ ತಗ್ಗಿತ್ತು, ಸಿಟ್ಟು ಇಳಿದಿರಲಿಲ್ಲ. "ನಮ್ಮನೇಗೂ ಬಾಗಿಲಿದೆ ಮಿಸೆಸ್ ಸ್ಕೊರುಪಾ. ಒಂದಿನಾನಾದ್ರೂ ನೀವು ತಟ್ಟಿದ್ರಾ? ಮಕ್ಕಳ ಜೊತೆ ಒಂದು ಗಂಟೆ ಕೂರೋರು ಯಾರಾದ್ರೂ ಸಿಕ್ತಾರಾ ಅಂತ ನಾನು ಊರೆಲ್ಲ ಹುಡುಕ್ತಿದ್ದೆ. ನಿಮ್ಮ ಕಾಲ ಕೆಳಗೇ ಇದ್ದೆ. ಗೊತ್ತಿತ್ತಾ ನಿಮಗೆ?"

ಗೊತ್ತಿರಲಿಲ್ಲ. ಉತ್ತರಕ್ಕೆ ಕಾಯದೆ ರೆನೇ ಇಳಿದು ಹೋದಳು.

ಮುಂದಿನ ಮಂಗಳವಾರ, ಈಸ್ಟರಿಗೆ ಮುಂಚಿನ ಉಪವಾಸದ ದಿನಗಳು ಶುರುವಾಗುವ ಹಿಂದಿನ ದಿನ. ಬೇಕರಿಯ ಮುಂದೆ ಜನ ಬೀದಿಯವರೆಗೆ ಸಾಲು ನಿಂತಿದ್ದರು. ವಿಲ್ಮಾಳೂ ನಿಂತು, ಒಳಗೆ ಪ್ಲಮ್ ಹಣ್ಣಿನ ಹೂರಣವಿಟ್ಟು ಕರಿದ ಪೊಂಚ್ಕಿ ಎಂಬ ಸಿಹಿ ಬನ್ನು ಆರು ತೆಗೆದುಕೊಂಡಳು. ಎರಡನೇ ಮಹಡಿಯಲ್ಲಿ ರೆನೇಳ ಬಾಗಿಲ ಮುಂದೆ ನಿಂತಾಗ ಕೈ ಎತ್ತಲಾಗಲಿಲ್ಲ. ಇಷ್ಟು ವರ್ಷ ತನ್ನ ಬಾಗಿಲ ಮುಂದೆ ನಿಂತವರಿಗೆ ಒಂದು ನೆಪವಿರುತ್ತಿತ್ತು. ತನಗೆ ಏನೂ ಇಲ್ಲ, ಕೈಲಿ ಒಂದು ರಟ್ಟಿನ ಡಬ್ಬಿ ಮಾತ್ರ. ಕೊನೆಗೆ ತಟ್ಟಿದಳು.

ರೆನೇ ಬಾಗಿಲನ್ನು ಅರ್ಧ ತೆರೆದಳು.

"ಮಕ್ಕಳಿಗೆ," ಎಂದಳು ವಿಲ್ಮಾ. "ಮತ್ತೆ... ನೀನು ಕೆಲಸಕ್ಕೆ ಹೋಗುವಾಗ ನಾನು ಅವರ ಜೊತೆ ಇರ್ತೀನಿ. ನಿನಗೆ ಬೇಕಾದ್ರೆ. ಯಾವಾಗ್ಲಾದ್ರೂ."

ರೆನೇ ಡಬ್ಬಿ ತೆಗೆದುಕೊಂಡಳು. ಒಳಗಿನಿಂದ ಡಿಯಾಂಡ್ರಾ, "ಯಾರಮ್ಮಾ?" ಎಂದು ಕೂಗಿದಳು. "ಮೇಲಿನ ಮನೆಯವರು," ಎಂದಳು ರೆನೇ. ವಿಲ್ಮಾಳ ಕಡೆ ತಿರುಗಿ, "ಥ್ಯಾಂಕ್ಸ್. ಯೋಚ್ನೆ ಮಾಡ್ತೀನಿ," ಎಂದು ಮೆಲ್ಲಗೆ ಬಾಗಿಲು ಹಾಕಿಕೊಂಡಳು.

ಯೋಚನೆ ಮಾಡಿದಳೋ ಇಲ್ಲವೋ, ಕೇಳಲು ಬರಲಿಲ್ಲ. ಮೆಟ್ಟಿಲ ಮೇಲೆ ಸಿಕ್ಕರೆ ತಲೆಯಾಡಿಸುತ್ತಿದ್ದಳು. ಏಪ್ರಿಲಿನಲ್ಲಿ ಅವಳ ತಮ್ಮ ವ್ಯಾನು ತಂದ. ಊರಿನ ಆಚೆ ತುದಿಯಲ್ಲಿ ಅವಳ ತಾಯಿಯ ಮನೆಯ ಹತ್ತಿರ ಬಾಡಿಗೆ ಸಿಕ್ಕಿತ್ತು. ವಿಲ್ಮಾ ಕೆಳಗಿಳಿದು, ಅವರು ಮಂಚ, ಪೆಟ್ಟಿಗೆ ಸಾಗಿಸುವಷ್ಟು ಹೊತ್ತೂ ಮುಂಬಾಗಿಲನ್ನು ಹಿಡಿದು ನಿಂತಳು. ಕೊನೆಯ ಚೀಲ ಹೊತ್ತು ಹೋಗುವಾಗ ರೆನೇ ಒಂದು ಕ್ಷಣ ನಿಂತು, "ಅಮ್ಮ ಹತ್ರ ಇರ್ತಾರೆ, ಮಕ್ಕಳಿಗೆ ಒಳ್ಳೇದಾಗುತ್ತೆ," ಎಂದಳು.

"ಹೌದು, ಒಳ್ಳೇದಾಗುತ್ತೆ," ಎಂದಳು ವಿಲ್ಮಾ.

ವ್ಯಾನು ಹೋದ ಮೇಲೆ ಎರಡನೇ ಮಹಡಿಯ ಬಾಗಿಲು ತೆರೆದೇ ಇತ್ತು. ಖಾಲಿ ಕೋಣೆಗಳಲ್ಲಿ ಲೆನ್ ಕಸ ಗುಡಿಸುತ್ತಿದ್ದ. ಅವಳು ಅದನ್ನು ದಾಟಿದಳು, ಮೂರನೇ ಮಹಡಿಗೆ ಬಂದಳು, ಬೀಗದ ಕೈ ತೆಗೆದಳು. ಒಳಗೆ ಹೋಗಲು ಮನಸ್ಸಾಗಲಿಲ್ಲ. ಬೀಗದ ಕೈಯನ್ನು ಮತ್ತೆ ಜೇಬಿಗೆ ಹಾಕಿಕೊಂಡು ಇನ್ನೊಂದು ಮಹಡಿ ಹತ್ತಿದಳು. ಹಾಲ್ಡರ್ಸನ್ನರ ಬಾಗಿಲು ತಟ್ಟಿದಳು. ಬಹಳ ಹೊತ್ತಾಯಿತು. ಇನ್ನೊಮ್ಮೆ ಜೋರಾಗಿ ತಟ್ಟಿದಳು.

ಮುದುಕರು ಬಾಗಿಲು ತೆರೆದರು. "ಮೆಷಿನು ನಿಲ್ತಾ?"

"ಇಲ್ಲ. ಚೆನ್ನಾಗಿ ಓಡ್ತಾ ಇದೆ."

"ಮತ್ತೆ?"

ನೆಪವೊಂದನ್ನು ಕಟ್ಟುವ ಶಕ್ತಿ ಅವಳಲ್ಲಿ ಉಳಿದಿರಲಿಲ್ಲ. ಹಾಲ್ಡರ್ಸನ್ನರು ಅವಳ ಮುಖವನ್ನು ನೋಡಿ ಪಕ್ಕಕ್ಕೆ ಸರಿದರು. "ಬಾಗಿಲು ಹಾಕ್ಕೊಂಡು ಬನ್ನಿ. ಬಿಸಿಯೆಲ್ಲ ಹೊರಗೆ ಹೋಗುತ್ತೆ."

ಒಲೆಯ ಮೇಲೆ ಹಂಡೆಯಂಥ ಪಾತ್ರೆಯಲ್ಲಿ ಬಟಾಣಿ ಸೂಪು ಕುದಿಯುತ್ತಿತ್ತು. ಒಬ್ಬರ ಮನೆಯಲ್ಲಿ ಅಷ್ಟು ದೊಡ್ಡ ಪಾತ್ರೆ ಕಂಡು ವಿಲ್ಮಾ ಬೆರಗಾಗಿ ನಿಂತಳು.

"ಹಡಗಲ್ಲಿ ಇಪ್ಪತ್ತೊಂಬತ್ತು ಜನಕ್ಕೆ ಮಾಡ್ತಿದ್ದೆ," ಎಂದರು ಹಾಲ್ಡರ್ಸನ್. "ಕಮ್ಮಿ ಮಾಡೋಕೆ ಬರಲ್ಲ ನಂಗೆ. ಎಷ್ಟು ಕಮ್ಮಿ ಮಾಡಿದ್ರೂ ಉಳಿಯುತ್ತೆ. ಚೆಲ್ತೀನಿ."

ಬಟ್ಟಲಿಗೆ ಹಾಕಿ ಕೊಟ್ಟರು. ಇಬ್ಬರೂ ತಿಂದರು. ಉಪ್ಪು ಸ್ವಲ್ಪ ಮುಂದಾಗಿತ್ತು. ಅವಳು ರೆನೇ ಹೋದದ್ದನ್ನು ಹೇಳಿದಳು. ಅವರು, "ಹೂಂ," ಎಂದರು. ತಿಂದ ಬಟ್ಟಲುಗಳನ್ನು ತೊಳೆದಿಟ್ಟು ಹೊರಟಳು. ಬಾಗಿಲ ಬಳಿ ಅವರು, "ಶುಕ್ರವಾರ ಮೀನು ಮಾಡ್ತೀನಿ," ಎಂದರು.

ಅದು ಬನ್ನಿ ಎಂದು ಕರೆದದ್ದೋ, ಸುಮ್ಮನೆ ಆಡಿದ ಮಾತೋ ಅವಳಿಗೆ ತಿಳಿಯಲಿಲ್ಲ. ಮೂರು ದಿನ ಅದನ್ನೇ ತಿರುಗಾ ಮುರುಗಾ ಯೋಚಿಸಿದಳು. ಶುಕ್ರವಾರ ಸಂಜೆ ಐದಕ್ಕೆ ಒಳ್ಳೆಯ ಅಂಗಿ ಹಾಕಿಕೊಂಡು ಕೂತಳು. ಆರಕ್ಕೆ ಬಿಚ್ಚಿ ಹಳೆಯದು ಹಾಕಿಕೊಂಡಳು. ಆರೂವರೆಗೆ, ಹಳೆಯದರಲ್ಲೇ, ಮೇಲೆ ಹೋದಳು.

ಹಾಲ್ಡರ್ಸನ್ನರು ಆಗಲೇ ಊಟಕ್ಕೆ ಕೂತಿದ್ದರು. ಬಾಗಿಲು ತೆರೆದವರ ಕೈಯಲ್ಲಿ ಫೋರ್ಕು ಇತ್ತು. ಮೇಜಿನ ಮೇಲೆ ಒಂದೇ ತಟ್ಟೆಯಿತ್ತು, ಅರ್ಧ ಖಾಲಿಯಾಗಿತ್ತು.

"ಬರಲ್ವೇನೋ ಅಂದ್ಕೊಂಡೆ," ಎಂದರು.

"ನಾನೂ ಹಾಗೇ ಅಂದ್ಕೊಂಡಿದ್ದೆ."

ಅವರು ಕಪಾಟಿನಿಂದ ಇನ್ನೊಂದು ತಟ್ಟೆ ತೆಗೆದು ಅಂಗಿಯ ತುದಿಯಿಂದ ಧೂಳು ಒರೆಸಿದರು. "ಈ ಕಡೆ ಕೂತ್ಕೊಳ್ಳಿ," ಎಂದು ಎಡಗಡೆಯ ಕುರ್ಚಿ ತೋರಿಸಿದರು. "ಬಲಗಿವಿ ಕೇಳಿಸಲ್ಲ ನಂಗೆ." ವಿಲ್ಮಾ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು ಕೂತಳು.